ಒಲೆಗೇರುವ ಮಡಕೆ: ಕೆರೆ ಮಣ್ಣಿನಿಂದ ಆವಿಗೆಯವರೆಗೆ

ಕುಂಬಾರಿಕೆಯಲ್ಲಿ ಮಾಡಲು ಎಲ್ಲಕ್ಕಿಂತ ಕಷ್ಟವಾದದ್ದು ಅಡುಗೆ ಮಡಕೆ. ಹೂಕುಂಡಕ್ಕೆ, ಹುಂಡಿಗೆ ಬೆಂಕಿಯ ಸಹವಾಸ ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ಒಮ್ಮೆ ಮಾತ್ರ. ಅಡುಗೆ ಮಡಕೆ ದಿನಾ ಉರಿಯ ಮೇಲೆ ಕೂರಬೇಕು, ಹೊರಗಿನ ಜ್ವಾಲೆಯನ್ನೂ ಒಳಗಿನ ನೀರನ್ನೂ ಒಟ್ಟಿಗೇ ತಾಳಬೇಕು. ಆವಿಗೆಯಲ್ಲೋ ಒಲೆಯ ಮೇಲೋ ಮಡಕೆ ಒಡೆದರೆ ಹೆಚ್ಚಿನವರು ಬೆಂಕಿಯನ್ನೇ ದೂರುತ್ತಾರೆ. ಆದರೆ ಮಣ್ಣು ಆರಿಸುವಾಗ, ನಾದುವಾಗ, ತಟ್ಟುವಾಗ, ಒಣಗಿಸುವಾಗ ಒಳಗೆ ಸೇರಿಕೊಂಡ ತಪ್ಪನ್ನೇ ಬೆಂಕಿ ಬಯಲಿಗೆ ತರುವುದು. ಅದಕ್ಕೇ ಇಲ್ಲಿ ಬೆಂಕಿ ಹಚ್ಚುವ ಮೊದಲಿನ ಕೆಲಸಕ್ಕೇ ಹೆಚ್ಚು ಜಾಗ.

ಕರ್ನಾಟಕದ ಕುಂಬಾರ ಕೇರಿಗಳಲ್ಲಿ ನಡೆದು ಬಂದಿರುವ ವಿಧಾನ ಇದು. ಬಾಯಿ ಮತ್ತು ಕಂಠ ತಿಗರಿಯ (ಕುಂಬಾರರ ಚಕ್ರದ) ಮೇಲೆ, ಹೊಟ್ಟೆ ಮತ್ತು ತಳ ಹಲಗೆಯ ಪೆಟ್ಟಿನಲ್ಲಿ. ಅಳತೆಗೆ ಕಂಠದವರೆಗೆ 2 ಲೀಟರ್ ಹಿಡಿಯುವ ಗುಂಡು ತಳದ ಮಡಕೆಯನ್ನು ತೆಗೆದುಕೊಂಡಿದ್ದೇವೆ.

ಮಣ್ಣು ತೆಗೆಯುವುದು

ಮಾರ್ಚ್‌ನಿಂದ ಮೇ ತಿಂಗಳವರೆಗೆ, ಕೆರೆ ಅಂಗಳ ಬತ್ತಿದಾಗಲೇ ವರ್ಷದ ಮಣ್ಣು ತಂದು ಹಾಕಿಕೊಳ್ಳಬೇಕು. ಕೆರೆ ಯಾರ ಉಸ್ತುವಾರಿಯಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಒಪ್ಪಿಗೆ ಪಡೆದೇ ಗುದ್ದಲಿ ಹಾಕಿ. ಹಳ್ಳದ ನೀರು ಕೆರೆಗೆ ಸೇರುವ ಕಡೆ ಮರಳು ಮೊದಲು ಇಳಿದುಬಿಡುತ್ತದೆ. ನುಣುಪಾದ ಜೇಡಿ ಇಳಿಯುವುದು ನೀರು ನಿಂತು ತಿಳಿಯಾಗುವ ಆಳದ ಕಡೆ. ಹಾಗೆಂದು ಏರಿಯ ಬುಡವನ್ನಾಗಲಿ ತೂಬಿನ ಹತ್ತಿರವನ್ನಾಗಲಿ ಮುಟ್ಟಬಾರದು. ಅಲ್ಲಿ ಅಗೆದರೆ ಏರಿಯೇ ಸಡಿಲವಾಗುತ್ತದೆ. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಬೇರು, ಎಲೆ, ಪ್ಲಾಸ್ಟಿಕ್, ಉಪ್ಪು ಎಲ್ಲವೂ ಇರುತ್ತವೆ, ಅದನ್ನು ಬದಿಗೆ ಸರಿಸಿ. ಕೆಳಗಿನ ಮಣ್ಣನ್ನು ಸನಿಕೆಯಿಂದ ಕಡಿದಾಗ ಕಡಿದ ಮುಖ ಮಿರಮಿರ ಹೊಳೆದರೆ ಅದು ಬೇಕಾದ ಮಣ್ಣು.

ಗಾಡಿ ತುಂಬುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ಒಂದು ಮುಷ್ಟಿ ಮಣ್ಣನ್ನು ನೀರಿನಲ್ಲಿ ಕಲಸಿ, ಪೆನ್ಸಿಲ್ ದಪ್ಪದ ಎಳೆ ಹೊಸೆದು, ತೋರುಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಜಿಗುಟು ಸಾಕಷ್ಟಿದೆ. ಸುತ್ತುವಾಗಲೇ ತುಂಡಾದರೆ ಮರಳು ಹೆಚ್ಚು. ಎರಡನೆಯದಾಗಿ ಅದೇ ಮಣ್ಣಿನಿಂದ ಒಂದು ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಗೆರೆಗಳ ನಡುವೆ 9.2ರಿಂದ 9.4 ಸೆಂಟಿಮೀಟರ್ ಉಳಿದರೆ ಒಳ್ಳೆಯ ಮಣ್ಣು. 9ಕ್ಕಿಂತ ಕಡಿಮೆಯಾದರೆ ಆ ಮಣ್ಣು ಹಾಗೆಯೇ ಮಡಕೆಗೆ ಬಾರದು, ಒಣಗುವಾಗಲೇ ಸೀಳುತ್ತದೆ. ಎರೆಮಣ್ಣು ಹೆಚ್ಚಿರುವ ಕಡೆ ಹೀಗಾಗುವುದು ಸಾಮಾನ್ಯ, ಏಕೆಂದರೆ ಎರೆ ನೀರು ಕುಡಿದಾಗ ಎಷ್ಟು ಉಬ್ಬುತ್ತದೋ ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಮೂರನೆಯ ಪರೀಕ್ಷೆಗೆ ಗಾಜಿನ ಬಾಟಲಿಯಲ್ಲಿ ಮಣ್ಣು ಮತ್ತು ನೀರು ಹಾಕಿ ಕುಲುಕಿ ಒಂದು ರಾತ್ರಿ ಬಿಡಿ. ತಳದಲ್ಲಿ ಮರಳು, ನಡುವೆ ಗೋಡು, ಮೇಲೆ ಜೇಡಿ, ಹೀಗೆ ಪದರ ಪದರವಾಗಿ ಎಷ್ಟೆಷ್ಟಿದೆ ಎಂದು ಕಾಣುತ್ತದೆ.

ನಾಲ್ಕನೆಯದು ಸುಣ್ಣದ ಪರೀಕ್ಷೆ. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ಮಣ್ಣುಪಾಲು. ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಬುಸುಬುಸು ನೊರೆ ಬಂದರೆ ಸುಣ್ಣದ ಕಲ್ಲಿನ ಚೂರುಗಳಿವೆ ಎಂದರ್ಥ. ಆವಿಗೆಯ ಕಾವಿಗೆ ಈ ಚೂರು ಸುಟ್ಟ ಸುಣ್ಣವಾಗುತ್ತದೆ. ಮಡಕೆ ಚೆನ್ನಾಗಿಯೇ ಹೊರಬರುತ್ತದೆ, ತಟ್ಟಿದರೆ ಗಂಟೆಯ ಸದ್ದೂ ಕೊಡುತ್ತದೆ. ಆಮೇಲೆ ಆ ಸುಣ್ಣ ಗಾಳಿಯ ತೇವ ಹೀರಿ ಅರಳಿ ಉಬ್ಬುತ್ತದೆ, ಕೆಲವು ದಿನಗಳಲ್ಲೇ ಮಡಕೆಯ ಮೈಯಿಂದ ಚಿಪ್ಪು ಚಿಪ್ಪಾಗಿ ಓಡು ಹಾರುತ್ತದೆ. ಪ್ರತಿ ಗುಳಿಯ ನಡುವೆ ಒಂದು ಬಿಳಿ ಚುಕ್ಕೆ ಕಂಡರೆ ಕಾರಣ ಇದೇ. ಸುಣ್ಣ ಕಡಿಮೆಯಿದ್ದರೆ ಮಣ್ಣನ್ನು ಕದಡಿ ನುಣ್ಣಗೆ ಸೋಸಿ ಬಳಸಬಹುದು. ಹೆಚ್ಚಿದ್ದರೆ ಬೇರೆ ಜಾಗ ನೋಡುವುದೇ ಲೇಸು.

ಬೆರಕೆ ಮತ್ತು ನಾದುವುದು

ಒಂದೇ ಗುಂಡಿಯ ಮಣ್ಣು ಎಲ್ಲ ಗುಣವನ್ನೂ ಹೊತ್ತು ಬರುವುದು ಅಪರೂಪ. ಒಣ ಮಣ್ಣಿನ ಅಳತೆಯಲ್ಲಿ ಮೂರು ಬುಟ್ಟಿ ಕೆರೆ ಜೇಡಿ, ಒಂದು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ಸಣ್ಣ ಮರಳು, ಇಲ್ಲಿಂದ ಶುರು ಮಾಡಿ. 10 ಸೆಂಟಿಮೀಟರ್ ಪಟ್ಟಿಯ ಪರೀಕ್ಷೆಯನ್ನು ಬೆರಕೆಗೂ ಮಾಡಿ, ಕುಗ್ಗುವುದು ಹೆಚ್ಚಾದರೆ ಮರಳು ಏರಿಸಿ, ಎಳೆ ತುಂಡಾದರೆ ಜೇಡಿ ಏರಿಸಿ.

ಮರಳಿನ ಕೆಲಸ ಎರಡು. ಒಣಗುವಾಗ ಒಳಗಿನ ನೀರಿಗೆ ಹೊರಬರಲು ದಾರಿ ಬಿಡುತ್ತದೆ. ಒಲೆಯ ಮೇಲೆ ಕೂದಲೆಳೆಯಷ್ಟು ಬಿರುಕು ಎದ್ದರೆ ಅದು ಮುಂದಕ್ಕೆ ಓಡದಂತೆ ಕಾಳು ಕಾಳಿನಲ್ಲೂ ತಡೆ ಹಾಕುತ್ತದೆ. ಆದರೆ ಬೆಣಚುಕಲ್ಲಿನ ಮರಳಿಗೆ ಒಂದು ಕೆಟ್ಟ ಗುಣವೂ ಇದೆ. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಇದ್ದಕ್ಕಿದ್ದಂತೆ ಹಿಗ್ಗುತ್ತದೆ, ತಣಿಯುವಾಗ ಅದೇ ಮಟ್ಟದಲ್ಲಿ ಅಷ್ಟೇ ಬೇಗ ಕುಗ್ಗುತ್ತದೆ. ಹಾಗಾಗಿ ಅಡುಗೆ ಮಡಕೆಗೆ ಮರಳಿನ ಪಾಲಿನಲ್ಲಿ ಅರ್ಧವನ್ನು ಬೋಕಿ ಪುಡಿಗೆ ಬಿಟ್ಟುಕೊಡುವುದು ನಮ್ಮ ಮಟ್ಟಿಗೆ ಒಳ್ಳೆಯದು. ಒಡೆದ ಮಡಕೆಯ ಬೋಕಿಯನ್ನು ಕುಟ್ಟಿ, ಸೊಳ್ಳೆ ಪರದೆಯ ಜಾಲರಿಯಲ್ಲಿ ಜರಡಿ ಹಿಡಿದರೆ ಸಾಕು. ಅದು ಒಮ್ಮೆ ಬೆಂದ ಮಣ್ಣಾದ್ದರಿಂದ ಮತ್ತೆ ಕುಗ್ಗುವುದಿಲ್ಲ, ಸುತ್ತಲಿನ ಮಣ್ಣಿನಷ್ಟೇ ಹಿಗ್ಗುತ್ತದೆ. ನೀರಿನ ಕೊಡಕ್ಕೆ ಮರಳು ಇನ್ನೂ ಸ್ವಲ್ಪ ಹೆಚ್ಚಿರಲಿ, ಮೈ ಬೆವರಿದಷ್ಟೂ ನೀರು ತಣ್ಣಗಾಗುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಈ ತಂಪು ಚೆನ್ನಾಗಿ ಬರುತ್ತದೆ. ಕರಾವಳಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ಬರುವುದಿಲ್ಲ, ಅದಕ್ಕೆ ಕೊಡವನ್ನು ದೂರಬೇಡಿ.

ಮಣ್ಣು ನೆನೆಹಾಕುವ ಮೊದಲು ಹೆಂಟೆಗಳು ಪೂರ್ತಿ ಒಣಗಿರಬೇಕು. ಅರೆಹಸಿ ಹೆಂಟೆ ನೀರಿನಲ್ಲಿ ವಾರ ಕಳೆದರೂ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಚೆನ್ನಾಗಿ ಒಣಗಿದ ಹೆಂಟೆ ನೀರು ಮುಟ್ಟಿದೊಡನೆ ತಾನಾಗಿ ಬಿರಿದು ಪುಡಿಯಾಗುತ್ತದೆ. ನಿಂಬೆ ಗಾತ್ರಕ್ಕೆ ಒಡೆದು ತೊಟ್ಟಿಗೆ ಹಾಕಿ, ಮುಳುಗುವಷ್ಟು ನೀರು ಬಿಟ್ಟು, ಒಂದು ದಿನ ಕೈಹಾಕದೆ ಇಡಿ. ಮಾರನೆಯ ದಿನ ಕದಡಿ, ಜಾಲರಿಯಲ್ಲಿ ಸೋಸಿ, ಇನ್ನೊಂದು ತೊಟ್ಟಿಯಲ್ಲಿ ಎರಡು ದಿನ ತಿಳಿಯಾಗಲು ಬಿಡಿ. ಮೇಲಿನ ತಿಳಿನೀರು ಬಸಿದು, ಕೆಸರನ್ನು ಬಟ್ಟೆ ಹಾಸಿದ ನೆಲದ ಮೇಲೆ ಹರಡಿದರೆ ಒಂದೆರಡು ದಿನದಲ್ಲಿ ಕೈಗೆ ಸಿಗುವ ಹದಕ್ಕೆ ಬರುತ್ತದೆ. ಮರಳು ಮತ್ತು ಬೋಕಿ ಪುಡಿ ಸೇರಿಸುವುದು ಸೋಸಿದ ಮೇಲೆ, ತುಳಿಯುವಾಗ. ಮೊದಲೇ ಹಾಕಿದರೆ ತೊಟ್ಟಿಯ ತಳಕ್ಕೆ ಇಳಿದುಬಿಡುತ್ತದೆ.

ನೆಲ ಗುಡಿಸಿ ಬೂದಿ ಎರಚಿ, ಮಣ್ಣನ್ನು ಗುಪ್ಪೆ ಹಾಕಿ, ಹಿಮ್ಮಡಿಯಿಂದ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ತುಳಿಯಿರಿ. ಪೂರ್ತಿ ಚಪ್ಪಟೆಯಾದಾಗ ಮಡಚಿ ಮತ್ತೆ ಗುಪ್ಪೆ ಮಾಡಿ, ಮರಳು ಎರಚುತ್ತಾ ಇನ್ನೊಮ್ಮೆ. ಕಡಿಮೆಯೆಂದರೂ ಮೂರು ಸುತ್ತು. ಉಳಿದ ಹರಳು ಬರಿಗಾಲಿಗೆ ಸಿಗುತ್ತದೆ, ಸಿಕ್ಕಾಗಲೇ ತೆಗೆದು ಎಸೆಯಿರಿ. ತುಳಿದ ಮಣ್ಣನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ 10–15 ದಿನ ನೆರಳಲ್ಲಿ ಇಟ್ಟರೆ ಜಿಗುಟು ಏರುತ್ತದೆ. ಹುಳಿ ವಾಸನೆ ಬಂದರೆ ಹೆದರಬೇಕಿಲ್ಲ, ಮಣ್ಣು ಹಣ್ಣಾಗಿದೆ ಎಂದೇ ಲೆಕ್ಕ.

ತಿಗರಿಗೆ ಹೋಗುವ ಮುನ್ನ ಕೈಯಿಂದ ನಾದಿ, ಉಂಡೆಯನ್ನು ತಂತಿಯಿಂದ ಎರಡಾಗಿ ಕೊಯ್ದು ನೋಡಿ. ಸಣ್ಣ ಗೂಡುಗಳು ಕಂಡರೆ ಗಾಳಿ ಸೇರಿದೆ, ಬಣ್ಣದ ಪಟ್ಟೆ ಕಂಡರೆ ಬೆರಕೆ ಕೂಡಿಲ್ಲ. ಎರಡಕ್ಕೂ ಮದ್ದು ಮತ್ತೆ ನಾದುವುದೇ. ಚಪಾತಿ ಹಿಟ್ಟಿಗಿಂತ ತುಸು ಮೆದು ಇರಲಿ, ಹೆಬ್ಬೆರಳು ಒತ್ತಿದರೆ ಅಂಚು ಸೀಳಬಾರದು, ಬೆರಳಿಗೆ ಮಣ್ಣು ಅಂಟಬಾರದು.

ಕುಗ್ಗುವ ಲೆಕ್ಕ

ಒಣಗಿ ಬೆಂದು ಮುಗಿಯುವಷ್ಟರಲ್ಲಿ ಈ ಬೆರಕೆ ಉದ್ದಳತೆಯಲ್ಲಿ ಸುಮಾರು ನೂರಕ್ಕೆ 10ರಷ್ಟು ಕುಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಬೆಂದ ಮಡಕೆಯ ಬಾಯಿ 12 ಸೆಂಟಿಮೀಟರ್ ಬೇಕಿದ್ದರೆ ಹಸಿಯಲ್ಲಿ 13.3 ಇಡಬೇಕು. ಆದರೆ ಹಿಡಿಯುವ ಅಳತೆಯ ಲೆಕ್ಕವೇ ಬೇರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಒಳಗಿನ ಜಾಗ ನೂರಕ್ಕೆ 27ರಷ್ಟು ಇಳಿಯುತ್ತದೆ. 2 ಲೀಟರ್ ಬೇಕಿದ್ದರೆ ಹಸಿ ಮಡಕೆ 2.75 ಲೀಟರ್ ಹಿಡಿಯುವಂತಿರಬೇಕು. ಹೊಸಬರ ಮಡಕೆ ಆವಿಗೆಯಿಂದ ಬಂದಾಗ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಾಣುವುದು ಇದಕ್ಕೇ. ಈ ಗಾತ್ರಕ್ಕೆ ಒಂದೂವರೆ ಕಿಲೋ ಹದಮಾಡಿದ ಮಣ್ಣು ತೂಗಿಕೊಳ್ಳಿ.

ತಿಗರಿಯ ಮೇಲೆ

ಹಳೆಯ ತಿಗರಿ ಎರಡೂವರೆ, ಮೂರು ಅಡಿ ಅಗಲದ ಭಾರವಾದ ಚಕ್ರ. ನೆಲದಲ್ಲಿ ನೆಟ್ಟ ಮೊನೆಯ ಮೇಲೆ ಕೂತಿರುತ್ತದೆ. ತೂಕವೆಲ್ಲ ಅಂಚಿನ ಕಡೆ ಇರುವಂತೆ ಕಟ್ಟಿರುವುದರಿಂದ, ಅಂಚಿನ ಕುಳಿಗೆ ಕೋಲು ಕೊಟ್ಟು ಒಮ್ಮೆ ಬಿರುಸಾಗಿ ತಿರುಗಿಸಿದರೆ ಕೆಲಸ ಮುಗಿಸುವಷ್ಟು ಹೊತ್ತು ಸುತ್ತುತ್ತದೆ. ವೇಗ ಬರಬರುತ್ತಾ ಇಳಿಯುತ್ತದೆ, ಕೆಲಸದ ಕ್ರಮವೂ ಅದಕ್ಕೆ ಹೊಂದಿಕೊಂಡಿದೆ. ಉಂಡೆಯನ್ನು ನಡುವಿಗೆ ತರುವುದು ಮತ್ತು ಬಾಯಿ ತೆರೆಯುವುದು ವೇಗ ಹೆಚ್ಚಿರುವಾಗ, ಗೋಡೆ ಎತ್ತುವುದು ನಡುವೇಗದಲ್ಲಿ, ಅಂಚು ತಿದ್ದುವುದು ಕೊನೆಯ ನಿಧಾನದಲ್ಲಿ. ವಿದ್ಯುತ್ ತಿಗರಿ ಒಂದೇ ವೇಗದಲ್ಲಿ ಓಡುತ್ತದೆ, ಅಂಚು ತಿದ್ದುವಾಗ ನೀವೇ ವೇಗ ಇಳಿಸಬೇಕು. ಇಳಿಸದಿದ್ದರೆ ಬಾಯಿ ಅಲೆಯಲೆಯಾಗುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರುಮಾಡಿದ ಕುಂಬಾರ ಸಶಕ್ತೀಕರಣ ಯೋಜನೆಯಿಂದ ವಿದ್ಯುತ್ ತಿಗರಿಗಳು ಅನೇಕ ಕೇರಿಗಳಿಗೆ ಬಂದಿವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಇದೇ ಆಯೋಗದ ಗ್ರಾಮ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಇದೆ. ಬೆನ್ನು, ತೋಳಿನ ಶ್ರಮ ಉಳಿಯುವುದು ಸಣ್ಣ ಮಾತಲ್ಲ, ವಿದ್ಯುತ್ ತಿಗರಿಯನ್ನು ನಾವು ಮನಸಾರೆ ಒಪ್ಪುತ್ತೇವೆ.

ತಿಗರಿಯ ಮೇಲೆ ಮಾಡಬೇಕಾದದ್ದು ಪೂರ್ತಿ ಮಡಕೆಯನ್ನಲ್ಲ, ದಪ್ಪ ಗೋಡೆಯ ಒಂದು ಡಬ್ಬಿಯನ್ನು. ಹೊರಗಿನ ಅಗಲ 15 ಸೆಂಟಿಮೀಟರ್, ಎತ್ತರ 13, ಗೋಡೆ 1 ಸೆಂಟಿಮೀಟರ್, ತಳ ಒಂದೂವರೆ. ಬಾಯಿ ಮತ್ತು ಕಂಠವನ್ನು ಮಾತ್ರ ಇಲ್ಲೇ ಪೂರ್ತಿ ಮುಗಿಸಿ: ಕಂಠ ಒಳಕ್ಕೆ ತಂದು, ಅಂಚನ್ನು ಹೊರಕ್ಕೆ ಮಡಚಿ, ಒದ್ದೆ ಬಟ್ಟೆಯಿಂದ ಒತ್ತಿ ನುಣ್ಣಗೆ ಮಾಡಿ. ಒತ್ತದೆ ಬಿಟ್ಟ ಅಂಚು ಒಣಗುವಾಗ ಮೊದಲು ಸೀಳುತ್ತದೆ. ಬಾಯಿ 12 ಸೆಂಟಿಮೀಟರ್‌ಗಿಂತ ಕಿರಿದಾದರೆ ಮುಂದೆ ತಟ್ಟುವಾಗ ಒಳಗಿನಿಂದ ಆನಿಸುವ ಗುಂಡುಕಲ್ಲು ಹಿಡಿದ ಕೈ ಒಳಗೆ ಹೋಗುವುದಿಲ್ಲ. ತಳದಲ್ಲಿ ನಿಂತ ನೀರನ್ನು ಬಟ್ಟೆಯಿಂದ ಹೀರಿ ತೆಗೆದು, ದಾರದಿಂದ ಕೊಯ್ದು, ಎರಡೂ ಅಂಗೈಯಿಂದ ಎತ್ತಿ ಬೂದಿ ಎರಚಿದ ಹಲಗೆಯ ಮೇಲಿಡಿ. ತಳದಲ್ಲಿ ನೀರು ಉಳಿದರೆ ಅಲ್ಲಿನ ಮಣ್ಣು ಕೊನೆಗೆ ಒಣಗಿ, ಸುರುಳಿಯಾಕಾರದ ಬಿರುಕು ಬಿಡುತ್ತದೆ.

ತಟ್ಟುವುದು

ಕುಂಬಾರರ ಕೈಚಳಕ ಇರುವುದು ಇಲ್ಲಿ. ತಿಗರಿ ಹತ್ತು ನಿಮಿಷದ ಮಾತು, ತಟ್ಟುವುದು ಎರಡು ದಿನದ ಕೆಲಸ. ಒಲೆಯ ಮೇಲೆ ಮಡಕೆ ಬಾಳುವುದೋ ಬಿರಿಯುವುದೋ ಎನ್ನುವುದು ಬಹುಪಾಲು ತಟ್ಟುವಾಗಲೇ ಗೊತ್ತಾಗಿಹೋಗುತ್ತದೆ. ಗುಂಡು ತಳಕ್ಕೆ ಮೂಲೆಯೇ ಇಲ್ಲ. ಚಪ್ಪಟೆ ತಳದಲ್ಲಿ ಗೋಡೆ ಮತ್ತು ತಳ ಕೂಡುವ ಮೂಲೆ ಬೇರೆಡೆಗಿಂತ ದಪ್ಪ, ಅದು ನಿಧಾನವಾಗಿ ಕಾಯುತ್ತದೆ, ಪಕ್ಕದ ತೆಳುಭಾಗ ಬೇಗ ಕಾದು ಹಿಗ್ಗುತ್ತದೆ, ಈ ಎಳೆತಕ್ಕೆ ಮೂಲೆಯಲ್ಲೇ ಬಿರುಕು ಏಳುತ್ತದೆ. ಎಲ್ಲೆಡೆ ಒಂದೇ ದಪ್ಪದ ದುಂಡು ತಳದಲ್ಲಿ ಈ ಎಳೆತ ಹಂಚಿಹೋಗುತ್ತದೆ. ಪೆಟ್ಟಿಗೆ ಮಣ್ಣಿನ ಕಣಗಳು ಒತ್ತೊತ್ತಾಗಿ ಕೂರುವುದು ಇನ್ನೊಂದು ಲಾಭ.

ಬೇಕಾದ ಸಲಕರಣೆ ಎರಡೇ: ಅಂಗೈ ಅಗಲದ, ಹಿಡಿಯಿರುವ, ತುಸು ಒಳಬಾಗಿದ ಮರದ ಹಲಗೆ. ಇನ್ನೊಂದು ಒಳಗಿನಿಂದ ಆನಿಸಿ ಹಿಡಿಯಲು ಉಬ್ಬು ಮುಖದ ಗುಂಡುಕಲ್ಲು, ಕಲ್ಲಿನದ್ದಾದರೂ ಸರಿ, ಸುಟ್ಟ ಮಣ್ಣಿನದ್ದಾದರೂ ಸರಿ. ಜೊತೆಗೆ ಒಂದು ತಟ್ಟೆ ಜರಡಿ ಹಿಡಿದ ಬೂದಿ. ಹಲಗೆಗೂ ಕಲ್ಲಿಗೂ ಆಗಾಗ ಬೂದಿ ಮುಟ್ಟಿಸದಿದ್ದರೆ ಮಣ್ಣು ಅಂಟಿ ಕಿತ್ತು ಬರುತ್ತದೆ. ನೀರು ಮುಟ್ಟಿಸಲೇಬೇಡಿ.

ಡಬ್ಬಿಯನ್ನು ನೆರಳಲ್ಲಿಟ್ಟು, ಬಾಯಿ ಕೈಗೆ ಗಟ್ಟಿ ಎನಿಸಿ, ತಳ ಇನ್ನೂ ಉಗುರಿಗೆ ಮೆದು ಎನಿಸುವವರೆಗೆ ಕಾಯಿರಿ. ಬೇಸಿಗೆಯಲ್ಲಿ ಐದಾರು ಗಂಟೆ, ಮಳೆಗಾಲದಲ್ಲಿ ಒಂದು ದಿನ ದಾಟಬಹುದು. ಹದ ಬಂದಾಗ ಮಡಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈಯ ಗುಂಡುಕಲ್ಲನ್ನು ಒಳಗೆ ಆನಿಸಿ, ಬಲಗೈಯ ಹಲಗೆಯಿಂದ ಸರಿಯಾಗಿ ಅದರ ನೇರಕ್ಕೆ ಹೊರಗಿನಿಂದ ತಟ್ಟಿ. ಕಲ್ಲು ನೇರಕ್ಕಿದ್ದರೆ ಗಟ್ಟಿ ಸದ್ದು, ತಪ್ಪಿದರೆ ಪೊಳ್ಳು ಸದ್ದು. ಪೊಳ್ಳು ಪೆಟ್ಟು ಗೋಡೆಯನ್ನು ಒಳಕ್ಕೆ ತಳ್ಳುತ್ತದೆಯೇ ಹೊರತು ತೆಳುಮಾಡುವುದಿಲ್ಲ. ಕಣ್ಣಿಗೆ ಕಲ್ಲು ಕಾಣದು, ಕಿವಿಯನ್ನೇ ನಂಬಿ. ಪ್ರತಿ ಪೆಟ್ಟಿಗೂ ಮಡಕೆಯನ್ನು ತುಸು ತಿರುಗಿಸಿ, ಹೊಸ ಪೆಟ್ಟು ಹಿಂದಿನ ಪೆಟ್ಟಿನ ಅರ್ಧವನ್ನು ಮುಚ್ಚುವಂತೆ ಹೆಗಲಿನಿಂದ ತಳದ ಕಡೆಗೆ ಸುತ್ತಿ ಸುತ್ತಿ ಇಳಿಯಿರಿ.

ಮೊದಲ ಸುತ್ತಿನಲ್ಲಿ ಗೋಡೆ ಮತ್ತು ತಳ ಕೂಡುವ ಮೂಲೆಯನ್ನು ದುಂಡು ಮಾಡುವುದೇ ಗುರಿ. ತೆಳುಮಾಡುವ ಆತುರ ಬೇಡ. ಎರಡು ಮೂರು ಗಂಟೆ ನೆರಳಲ್ಲಿ ಬಿಟ್ಟು, ಎರಡನೆಯ ಸುತ್ತಿನಲ್ಲಿ ಹೊಟ್ಟೆ ಹೊರಕ್ಕೆ ತಂದು 7–8 ಮಿಲಿಮೀಟರ್‌ಗೆ ಇಳಿಸಿ. ಮಾರನೆಯ ಬೆಳಿಗ್ಗೆ ಹಗುರ ಹಲಗೆಯಿಂದ ಮೂರನೆಯ ಸುತ್ತು, 5–6 ಮಿಲಿಮೀಟರ್‌ವರೆಗೆ. ರಾತ್ರಿಯಿಡೀ ಬಾಯಿಗೆ ಒದ್ದೆ ಬಟ್ಟೆ ಸುತ್ತಿಡಿ. ಬಾಯಿ ಪೂರ್ತಿ ಒಣಗಿ ಹೊಟ್ಟೆ ಮಾತ್ರ ಹಸಿಯಾಗಿದ್ದರೆ ಕಂಠದ ಬುಡದಲ್ಲಿ ಸುತ್ತಲೂ ಸೀಳು ಬರುತ್ತದೆ. ಮುಗಿದಾಗ ಹೊರಗಿನ ಅಗಲ ಸುಮಾರು 18 ಸೆಂಟಿಮೀಟರ್ ಆಗಿರುತ್ತದೆ. ದಪ್ಪ ತಿಳಿಯಲು ಜಾಲಿ ಮುಳ್ಳನ್ನು ತಳ, ಹೊಟ್ಟೆ, ಹೆಗಲು ಮೂರು ಕಡೆ ಚುಚ್ಚಿ, ಎಷ್ಟು ಒಳಹೋಯಿತು ಎಂದು ಉಗುರಿನಿಂದ ಗುರುತು ಹಿಡಿದು ನೋಡಿ. ತೂತನ್ನು ಅದೇ ಮಣ್ಣಿನಿಂದ ಒತ್ತಿ ಮುಚ್ಚಿ, ಮೇಲೊಂದು ಪೆಟ್ಟು ಕೊಡಿ. ಮೂರು ಕಡೆಯ ದಪ್ಪದಲ್ಲಿ 2 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಳ್ಳಿ.

ತಟ್ಟುವಾಗ ಮಡಕೆ ಜೋತುಬಿದ್ದರೆ ಇನ್ನೂ ಹಸಿ, ಒಂದು ಗಂಟೆ ಬಿಡಿ. ಪೆಟ್ಟಿನ ಸುತ್ತ ಸಣ್ಣ ಸಣ್ಣ ಬಿರುಕು ಎದ್ದರೆ ಹದ ಮೀರಿದೆ. ಅದಕ್ಕೆ ನೀರು ಸವರಿ ಮುಚ್ಚಿದರೆ ಮೇಲ್ಮೈ ಮಾತ್ರ ಕೂಡುತ್ತದೆ, ಒಳಗಿನ ಬಿರುಕು ಹಾಗೇ ಉಳಿದು ಆವಿಗೆಯಲ್ಲಿ ಬಾಯಿ ಬಿಡುತ್ತದೆ. ಅಂಥದ್ದನ್ನು ಮುರಿದು ಮತ್ತೆ ತೊಟ್ಟಿಗೆ ಹಾಕುವುದೇ ಸರಿ, ಹಸಿ ಮಣ್ಣು ಎಷ್ಟು ಸಲ ಬೇಕಾದರೂ ಮಡಕೆಯಾಗಬಲ್ಲದು.

ಕಾವಿ, ಉಜ್ಜುವುದು, ಒಣಗಿಸುವುದು

ಕೆಂಪು ಮೈ ಬೇಕಿದ್ದರೆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಐದು ನಿಮಿಷ ಬಿಟ್ಟು, ಮೇಲಿನ ಕದಡನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಅದು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ನುಣ್ಣನೆಯ ಕಾವಿಯನ್ನು ಮಜ್ಜಿಗೆಯ ಹದದಲ್ಲಿ ಬಟ್ಟೆಯಿಂದ ಹಚ್ಚಿ. ಮಡಕೆಯಲ್ಲಿ ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಪೂರ್ತಿ ಒಣಗಿದ ಮೈಗೆ ಹಚ್ಚಿದರೆ ಕಾವಿ ಒಂದೇ ಕುಗ್ಗಿ ಹಕ್ಕಳೆಯಾಗಿ ಉದುರುತ್ತದೆ. ನೀರು ಹೀರಿಕೊಂಡು ಹೊಳಪು ಹೋದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ. ಹೆಗಲಿನಿಂದ ಹೊಟ್ಟೆಯ ನಡುವಿನವರೆಗೆ ಉಜ್ಜಿದರೆ ಸಾಕು.

ಒಣಗುವುದು ನೆರಳಲ್ಲೇ ಆಗಬೇಕು, 5ರಿಂದ 7 ದಿನ. ಮಡಕೆಯನ್ನು ಹುಲ್ಲಿನ ಸಿಂಬಿಯ ಮೇಲೆ ಕೂರಿಸಿ, ಅರೆ ಒಣಗಿದ ಮೇಲೆ ಬೋರಲು ಹಾಕಿ, ದಿನಕ್ಕೊಮ್ಮೆ ತಿರುಗಿಸಿಡಿ. ಒಂದೇ ಕಡೆಯಿಂದ ಬೀಸುವ ಗಾಳಿ ಬಿಸಿಲಿಗಿಂತ ಅಪಾಯ: ಗಾಳಿಯ ಕಡೆಯ ಗೋಡೆ ಮೊದಲು ಕುಗ್ಗಿ, ಮಡಕೆ ಸೊಟ್ಟಗಾಗುತ್ತದೆ ಇಲ್ಲವೆ ಸೀಳುತ್ತದೆ. ಕಿಟಕಿಗೆ ಗೋಣಿತಾಟು ಕಟ್ಟಿ. ಒಣಗಿತೋ ಇಲ್ಲವೋ ತಿಳಿಯಲು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ನೀರಿದೆ. ಇದಕ್ಕಿಂತ ಖಚಿತ ದಾರಿ ತಕ್ಕಡಿ. ಎರಡು ದಿನ ಸತತ ತೂಗಿದಾಗ ತೂಕ ಇಳಿಯುವುದು ನಿಂತಿರಬೇಕು. ಆವಿಗೆಗೆ ಇಡುವ ದಿನ ಬೆಳಿಗ್ಗೆ ಅರ್ಧ ದಿನ ಬಿಸಿಲು ಕಾಯಿಸಿ.

ಮರಳು ಬೆರೆಸದೆ ಉಳಿಸಿದ ನುಣುಪು ಜೇಡಿ ವ್ಯರ್ಥವಲ್ಲ. ಉತ್ತರ ಕರ್ನಾಟಕದ ಕೇರಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಗುಳ್ಳವ್ವ, ಭಾದ್ರಪದದ ಜೋಕುಮಾರ, ಗಣಪತಿ, ಈ ಹಬ್ಬದ ಮೂರ್ತಿಗಳೆಲ್ಲಕ್ಕೂ ಅದೇ ಮಣ್ಣು. ಇವನ್ನು ಸುಡುವುದಿಲ್ಲ, ನೀರಿಗೆ ಬಿಟ್ಟರೆ ಕರಗಿ ಮತ್ತೆ ಮಣ್ಣಾಗಬೇಕು. ಮದುವೆಗೆ ಕುಂಬಾರರ ಮನೆಯಿಂದ ತರುವ ಐರಾಣಿ ಗಡಿಗೆಗಳು ಮಾತ್ರ ಆವಿಗೆಯಲ್ಲಿ ಬೆಂದು, ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆಸಿಕೊಂಡು ಹೊರಡುತ್ತವೆ. ಚಿತ್ತಾರ ಬರೆಯುವುದು ಬೆಂದ ಮೇಲೆ.

ಆವಿಗೆ

ಬಯಲಲ್ಲಿ ಹುಲ್ಲು ಬೆರಣಿ ಮುಚ್ಚಿ ಸುಡಬಹುದು, ಆದರೆ ಕಾವು ಕೈಗೆ ಸಿಗುವುದಿಲ್ಲ. ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ, ಕೆಳಗೆ ಒಲೆಬಾಯಿ ಇರುವ, ಮೇಲೆ ತೆರೆದ ದುಂಡು ಗೋಡೆಯ ಆವಿಗೆ ಅಡುಗೆ ಮಡಕೆಗೆ ಹೆಚ್ಚು ಭರವಸೆಯದ್ದು. ಒಣ ಸೌದೆಯನ್ನು ಪಾತ್ರೆಗಳ ತೂಕದ ಒಂದೂವರೆ ಪಟ್ಟಾದರೂ ಕೂಡಿಟ್ಟುಕೊಂಡೇ ಹಚ್ಚಿ. ನಡುವೆ ಸೌದೆ ಮುಗಿದು ಕಾವು ಇಳಿದರೆ ಇಡೀ ಆವಿಗೆ ಅರೆಬೆಂದು ನಿಲ್ಲುತ್ತದೆ. ತೆಂಗಿನ ಮಟ್ಟೆ, ಗರಿ ಕೊನೆಯ ಹಂತದ ಜೋರು ಉರಿಗೆ ಒಳ್ಳೆಯವು.

ದಪ್ಪ, ದೊಡ್ಡ ಪಾತ್ರೆ ಕೆಳಗೆ, ಸಣ್ಣವು ಮೇಲೆ, ಬಾಯಿ ಕೆಳಗಾಗಿ ಓರೆಯಾಗಿ ಪೇರಿಸಿ. ಉರಿ ನೇರವಾಗಿ ತಾಗುವ ಕೆಳಸಾಲಿನ ಮುಂದೆ ಹಳೆಯ ಬೋಕಿಗಳನ್ನು ತಡೆಯಾಗಿ ನಿಲ್ಲಿಸಿ. ಪಾತ್ರೆಗಳ ನಡುವೆ ಬೆರಳು ತೂರುವಷ್ಟು ಸಂದಿ ಇರಲಿ. ಮೇಲೆ ಬೋಕಿ ಹರಡಿ, ಭತ್ತದ ಹುಲ್ಲು ಹಾಸಿ, ಕೆಸರು ಮೆತ್ತಿ, ಅಂಗೈ ಅಗಲದ ಆರೇಳು ಕಿಂಡಿ ಬಿಡಿ. ಒಳಗೆ ಕಣ್ಣಿಗೆ ಕಾಣುವ ಜಾಗದಲ್ಲಿ ಅದೇ ಮಣ್ಣಿನ ಎರಡು ಮೂರು ಬಳೆಗಳನ್ನು ಇಟ್ಟಿರಿ, ನಡುನಡುವೆ ಕಬ್ಬಿಣದ ಸರಳಿನಿಂದ ಎಳೆದು ನೋಡಲು.

ಬೆಂಕಿ ಹಚ್ಚುವುದು ಮಧ್ಯಾಹ್ನದ ಮೇಲೆ. ಕೊನೆಯ ಹಂತ ಕತ್ತಲಲ್ಲಿ ಬಂದರೆ ಮಣ್ಣಿನ ಬಣ್ಣ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಹಗಲಿನಲ್ಲಿ ಕೆಂಪು ಮೋಸ ಮಾಡುತ್ತದೆ. ಮೊದಲ ಮೂರು ಗಂಟೆ ಒಲೆಬಾಯಿಯ ಹೊರ ಅಂಚಿನಲ್ಲೇ ಸಣ್ಣ ಬೆಂಕಿ. ಒಳಗೆ ಜ್ವಾಲೆ ಹೋಗಬಾರದು, ಬಿಸಿಗಾಳಿ ಮಾತ್ರ ಹೋಗಲಿ. ಒಣಗಿದಂತೆ ಕಂಡ ಮಡಕೆಯ ಗೋಡೆಯಲ್ಲೂ ತೇವ ಉಳಿದಿರುತ್ತದೆ. ಅದು 100 ಡಿಗ್ರಿ ದಾಟುವಾಗ ಆವಿಯಾಗಿ, ಹೊರಬರಲು ಸಮಯ ಸಿಗದಿದ್ದರೆ ಗೋಡೆಯನ್ನೇ ಸಿಡಿಸುತ್ತದೆ. ಆವಿಗೆಯೊಳಗೆ ಢಬ್ ಎಂಬ ಸದ್ದು ಬಂದರೆ ಕೂಡಲೇ ಸೌದೆ ಹೊರಗೆಳೆಯಿರಿ. ಆವಿ ಮುಗಿಯಿತೇ ಎಂದು ತಿಳಿಯಲು ತಣ್ಣನೆಯ ಕಬ್ಬಿಣದ ಸರಳನ್ನು ಮೇಲಿನ ಕಿಂಡಿಗೆ ಒಂದು ಕ್ಷಣ ಹಿಡಿಯಿರಿ. ಅದರ ಮೇಲೆ ನೀರಿನ ಮಂಜು ಕೂರುತ್ತಿರುವಷ್ಟು ಹೊತ್ತೂ ಉರಿ ಏರಿಸಬಾರದು.

ಮುಂದಿನ ಮೂರು ಗಂಟೆ ಸೌದೆಯನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ನೂಕುತ್ತಾ ಹೋಗಿ. 350ರಿಂದ 600 ಡಿಗ್ರಿ ನಡುವೆ ಮಣ್ಣಿನ ಕಣದೊಳಗೇ ಕೂಡಿಕೊಂಡಿರುವ ನೀರು ಬಿಟ್ಟುಹೋಗುತ್ತದೆ. ಇದಾದ ಮೇಲೆ ಆ ಮಣ್ಣು ಮತ್ತೆ ನೀರಿನಲ್ಲಿ ಕರಗದು. ಮೊದಲು ಕಪ್ಪು ಮಸಿ ಹಿಡಿದ ಮಡಕೆಗಳು ಕಾವು ಏರಿದಂತೆ ಮಸಿ ಸುಟ್ಟು ಬೆಳ್ಳಗಾಗುವುದನ್ನು ಕಿಂಡಿಯಲ್ಲಿ ಕಾಣಬಹುದು. ಕತ್ತಲಲ್ಲಿ ಮಂಕು ಕೆಂಪು ಕಂಡಾಗ 600ರ ಆಸುಪಾಸು. ಇಲ್ಲಿಂದ ಪೂರ್ತಿ ಉರಿ ಕೊಡಿ. ಮೇಲಿನ ಸಾಲಿನವರೆಗೂ ನಿಚ್ಚಳ ಕೆಂಪು ಹರಡಿದರೆ 800 ಮುಟ್ಟಿದಂತೆ. ಆ ಕಾವನ್ನು ಮುಕ್ಕಾಲು ಗಂಟೆ ಹಿಡಿದಿಡಿ. ಒಂದು ಬಳೆ ಎಳೆದು, ತಣಿದ ಮೇಲೆ ಮುರಿದು ನೋಡಿ: ಒಳಗೂ ಹೊರಗೂ ಒಂದೇ ಕೆಂಪಿದ್ದರೆ ಬೆಂದಿದೆ, ನಡುವೆ ಕಪ್ಪು ಗೆರೆ ಇದ್ದರೆ ಮಣ್ಣಿನಲ್ಲಿದ್ದ ಕಸಕಡ್ಡಿಯ ಇದ್ದಿಲು ಇನ್ನೂ ಸುಟ್ಟಿಲ್ಲ, ಇನ್ನರ್ಧ ಗಂಟೆ ಉರಿ ಬೇಕು.

ಉರಿ ನಿಲ್ಲಿಸಿದ ಮೇಲೆ ಒಲೆಬಾಯಿ ಮುಚ್ಚಿ, ಒಂದು ಪೂರ್ತಿ ದಿನ ಮುಟ್ಟಬೇಡಿ. ಬೆಳಗಾಗುತ್ತಲೇ ತೆರೆದು ನೋಡುವ ಆಸೆಗೆ ಹಾಳಾದ ಮಡಕೆಗಳು ಲೆಕ್ಕವಿಲ್ಲ. ತಣ್ಣನೆ ಗಾಳಿ ನುಗ್ಗಿದರೆ ಮರಳು 573 ಡಿಗ್ರಿ ದಾಟುವ ಹೊತ್ತಿಗೆ ಒಂದು ಕಡೆ ಕುಗ್ಗಿ, ಅಂಚಿನಿಂದ ಹೊಟ್ಟೆಗೆ ಕೂದಲೆಳೆಯ ಬಿರುಕು ಇಳಿಯುತ್ತದೆ.

ತೆಗೆದ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಸರಿ. ಸೀಳು ದನಿ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ, ಅದನ್ನು ಗಿಡಕ್ಕೆ ಬಳಸಿ. ಮಂಕು ಸದ್ದಿನ ಜೊತೆಗೆ ಉಗುರಿಗೆ ಪುಡಿ ಬಂದರೆ ಬೆಂದಿಲ್ಲ, ಮುಂದಿನ ಆವಿಗೆಗೆ ಮತ್ತೆ ಇಡಬಹುದು. ತಳದಿಂದ ತಟ್ಟೆಯಷ್ಟಗಲ ಚಿಪ್ಪು ಹಾರಿದ್ದರೆ ಮೊದಲ ಮೂರು ಗಂಟೆಯಲ್ಲಿ ಅವಸರ ಮಾಡಿದ್ದೀರಿ, ಅಥವಾ ಒಣಗಿದ್ದು ಸಾಲದು. ಸಣ್ಣ ಗುಳಿಯಾಗಿ ಸಿಡಿದಿದ್ದು ಒಳಗೆ ಬಿಳಿ ಚುಕ್ಕೆ ಇಲ್ಲದಿದ್ದರೆ ಹರಳು ಉಳಿದಿತ್ತು ಎಂದು ತಿಳಿಯಿರಿ. ಮೈ ಮೇಲಿನ ಕಪ್ಪು ಕಲೆ ಜ್ವಾಲೆ ತಾಗಿದ ಗುರುತು ಅಷ್ಟೇ, ದೋಷವಲ್ಲ.

ಕಪ್ಪು ಮಡಕೆ

ಅದೇ ಕೆಂಪು ಮಣ್ಣು ಕಪ್ಪಾಗಬೇಕಾದರೆ, ಕಾವು ತುದಿ ಮುಟ್ಟಿದಾಗ ಒಲೆಬಾಯಿಗೆ ಒದ್ದೆ ಹುಲ್ಲು, ಬೆರಣಿ, ಭತ್ತದ ಹೊಟ್ಟು ತುರುಕಿ, ಬಾಯಿ ಮತ್ತು ಎಲ್ಲ ಕಿಂಡಿಗಳನ್ನು ಕೆಸರಿನಿಂದ ಮುಚ್ಚಿಬಿಡಬೇಕು. ಗಾಳಿ ಸಿಗದ ಹೊಗೆ ಮಣ್ಣಿನ ಕೆಂಪು ಕಬ್ಬಿಣದಂಶದಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಮಸಿ ರಂಧ್ರಗಳಲ್ಲಿ ಕೂರುತ್ತದೆ. ರಂಧ್ರ ತುಂಬುವುದರಿಂದ ನೀರು ಸೋರುವುದೂ ಕಡಿಮೆ. ಎಲ್ಲಾದರೂ ಒಂದು ಸಂದಿಯಿಂದ ಹೊಗೆ ಸೋರಿದರೆ ಆ ಬದಿಯ ಮಡಕೆಗಳು ಕಂದು ಕಂದಾಗಿ ಬರುತ್ತವೆ, ಹಾಗಾಗಿ ಕೆಸರು ಹಿಡಿದು ಎರಡು ಗಂಟೆ ಕಾವಲು ಕಾಯಬೇಕು.

ಹೊಗೆ ಮತ್ತು ಗಾಳಿಯನ್ನು ಹೀಗೆ ಬೇಕಾದಂತೆ ಬಳಸುವ ಜಾಣ್ಮೆ ಈ ನೆಲದಲ್ಲಿ ಬಹಳ ಹಳೆಯದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿಂದ ಕಪ್ಪು-ಕೆಂಪು ಮಡಕೆಗಳು ಸಿಕ್ಕಿವೆ. ಒಳಮೈ ಮತ್ತು ಬಾಯಿಯ ಅಂಚು ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲು ಹಾಕಿ, ಬಾಯಿ ಹೊಟ್ಟು-ಬೂದಿಯಲ್ಲಿ ಹೂತುಹೋಗುವಂತೆ ಸುಟ್ಟರೆ ಇಂದಿಗೂ ಹೀಗೇ ಬರುತ್ತದೆ: ಒಳಗೆ ಗಾಳಿ ಇಲ್ಲದೆ ಕಪ್ಪು, ಹೊರಗೆ ಗಾಳಿಯಾಡಿ ಕೆಂಪು. ಒಂದೇ ಆವಿಗೆಯಲ್ಲಿ ನಾಲ್ಕು ಮಡಕೆಗಳನ್ನು ಹೀಗೆ ಇಟ್ಟು ನೋಡಿ.

ಪಳಗಿಸುವುದು

ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ಮೊದಮೊದಲು ಗುಳ್ಳೆ ಏಳುತ್ತದೆ, ಅದು ರಂಧ್ರದ ಗಾಳಿ. ಮಾರನೆಯ ದಿನ ಮುಕ್ಕಾಲು ಭಾಗ ಅಕ್ಕಿ ಗಂಜಿಯ ತಿಳಿ ತುಂಬಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಒಲೆಯ ಮೇಲೆಯೇ ತಣಿಯಲು ಬಿಡಿ. ಗಂಜಿಯ ಪಿಷ್ಟ ರಂಧ್ರಗಳನ್ನು ಮುಚ್ಚುತ್ತದೆ. ಮೊದಲ ಕುದಿಯಲ್ಲಿ ಹೊರಗೆ ತೇವ ಜಿನುಗಿದರೆ ಗಾಬರಿ ಬೇಡ, ಎರಡು ಮೂರು ಸಲಕ್ಕೆ ನಿಲ್ಲುತ್ತದೆ. ಒಳಮೈಗೆ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಆಮೇಲೆ ಅಡುಗೆಗೆ ಇಳಿಸಿ.

ತೊಳೆಯಲು ಬಿಸಿನೀರು ಮತ್ತು ತೆಂಗಿನ ನಾರು ಸಾಕು. ಸೋಪು ರಂಧ್ರದೊಳಗೆ ಸೇರಿ ಮುಂದಿನ ಸಾರಿನಲ್ಲಿ ಹೊರಬರುತ್ತದೆ. ತೊಳೆದ ಮೇಲೆ ಬಾಯಿ ತೆರೆದು ಒಣಗಿಸಿ, ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗ್ಯಾಸ್ ಒಲೆಯ ಮೇಲೆ ಇಡುವಾಗ ಮೊದಲ ಐದು ನಿಮಿಷ ಅತಿ ಸಣ್ಣ ಉರಿ ಇರಲಿ, ಮಡಕೆಯೊಳಗೆ ಏನಾದರೂ ದ್ರವ ಇರಲೇಬೇಕು. ಕುದಿಯುವ ಮಡಕೆಗೆ ತಣ್ಣೀರು ಸುರಿಯಬೇಡಿ, ಬಿಸಿ ಮಡಕೆಯನ್ನು ಒದ್ದೆ ಕಲ್ಲಿನ ಮೇಲೆ ಇಳಿಸಬೇಡಿ, ಸಿಂಬಿಯ ಮೇಲಿಡಿ. ಹೊಳಪಿಗಾಗಿ ಬಣ್ಣ, ವಾರ್ನಿಷ್ ಬಳಿದ ಅಥವಾ ಯಾವ ಮೆರುಗು ಎಂದು ತಿಳಿಯದ ಪಾತ್ರೆಯಲ್ಲಿ ಅಡುಗೆ ಮಾಡಬಾರದು. ಕಡಿಮೆ ಕಾವಿಗೆ ಕರಗುವ ಕೆಲವು ಮೆರುಗುಗಳಲ್ಲಿ ಸೀಸ ಇರುತ್ತದೆ, ಹುಣಸೆ, ಟೊಮೆಟೊ ಹುಳಿಗೆ ಅದು ಆಹಾರಕ್ಕೆ ಬಿಟ್ಟುಕೊಳ್ಳುತ್ತದೆ.